ಶ್ರೀ ಗಂಧಕ, ಶ್ರೀಮತಿ ಬೆಳ್ಳಿ ಮತ್ತು ನಾನು

ರಸಾಯನಶಾಸ್ತ್ರದಲ್ಲಿ ನನ್ನದು ಆಳವಾದ ಜ್ಞಾನ. ಬಿ.ಎಸ್ಸಿ.ಯಲ್ಲಿ ಆ ವಿಷಯವನ್ನು ಮೂರು ಸಲ ಓದಿದ್ದೇನೆ. ಅದರಲ್ಲಿ ಎರಡು ಸಲ ವಿಶ್ವವಿದ್ಯಾಲಯವೇ ಬಲವಂತ ಮಾಡಿತ್ತು!

ಆದ್ದರಿಂದ ನನ್ನ ಹೆಂಡತಿ ಗಿರಿಜಾ, ತನ್ನ ಶಾಲೆಯ ರಾಜ್ಯೋತ್ಸವ ಪ್ರದರ್ಶನಕ್ಕೆ ಕನ್ನಡದಲ್ಲಿ ಧಾತುಗಳ ಆವರ್ತ ಕೋಷ್ಟಕದ ಬ್ಯಾನರ್ ಬೇಕೆಂದಾಗ, "ನನಗೆ ಬಿಡು" ಎಂದೆ. ಅವಳು ಅನ್ನಪೂರ್ಣೇಶ್ವರಿ ನಗರದಲ್ಲಿ ವಿಜ್ಞಾನದ ಟೀಚರ್. ಅವಳಿಗಿದು ಮಾನದ ಪ್ರಶ್ನೆ. "ಕನ್ನಡದಲ್ಲಿ ಸೈನ್ಸ್ ಹೇಳಿದ್ರೆ ಯಾವ ಮಗು ನಿಂತು ಕೇಳುತ್ತೆ? ಈ ಸಲ ಯಾರೂ ಬರ್ಲಿಲ್ಲ ಅಂದ್ರೆ ಮುಂದಿನ ವರ್ಷ ನಿಮ್ಮ ಸೈನ್ಸ್ ರೂಮು ಡ್ಯಾನ್ಸಿಗೆ" ಎಂದು ಹೆಡ್ ಮಿಸ್ ಹೇಳಿಬಿಟ್ಟಿದ್ದರು.

ಗಿರಿಜಾ ಬರೆದುಕೊಟ್ಟ ಪಟ್ಟಿಯಲ್ಲಿ ಕೊನೆಯ ಗುಂಪಿಗೆ 'ರಾಜಾನಿಲ' ಎಂದಿತ್ತು. ನಾನು ತಿದ್ದಿದೆ.

"ಯಾಕ್ರೀ ಹೊಡೆದಾಕಿದ್ರಿ?"

"ಈ ಹೀಲಿಯಂ, ನಿಯಾನು ಯಾರ ಜೊತೆಗೂ ಸೇರಲ್ಲ, ಒಂದು ಕೆಲಸಕ್ಕೂ ಬಗ್ಗಲ್ಲ. ಅಂಥವಕ್ಕೆ ರಾಜ ಅನ್ನೋ ಬಿರುದೊಂದು ಕೇಡು! ಜಡ ಅನಿಲ ಅಂತಿರ್ಲಿ ಕಣೇ."

ಗಿರಿಜಾ ನನ್ನನ್ನೇ ಒಂದು ಕ್ಷಣ ದಿಟ್ಟಿಸಿದಳು. ಆ ನೋಟದ ಅರ್ಥ ನನಗೆ ಆಗ ಹೊಳೆಯಲಿಲ್ಲ.

ಅಷ್ಟಕ್ಕೇ ನಿಲ್ಲಿಸಿದ್ದರೆ ಬಚಾವಾಗುತ್ತಿದ್ದೆ. ಇತಿಹಾಸವನ್ನೂ ಸೇರಿಸುವ ಹುಮ್ಮಸ್ಸು ಬಂತು. ಹಿಂದೆ ಈ ಕೋಷ್ಟಕ ರಚಿಸಿದ ರಷ್ಯಾದ ಗಡ್ಡದ ಪಂಡಿತರು, ಇನ್ನೂ ಸಿಗದ ಧಾತುಗಳಿಗೆಂದು ಕೆಲವು ಚೌಕಗಳನ್ನು ಖಾಲಿ ಬಿಟ್ಟಿದ್ದರು. ನಾವು ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿಯುವ ಹಾಗೆ! ಆಮೇಲೆ ಆ ಧಾತುಗಳು ಸಿಕ್ಕು, ಬಂದು ಅಲ್ಲೇ ಕುಳಿತವು. ಅವರ ಗೌರವಾರ್ಥ ನಾನೂ ಜಡ ಅನಿಲದ ಸಾಲಿನ ಕೊನೆಗೆ ಒಂದು ಚೌಕ ಖಾಲಿ ಬಿಡಿಸಲು ತೀರ್ಮಾನಿಸಿದೆ.

ಪಟ್ಟಿಯ ಫೋಟೋ ತೆಗೆದು, ಮೂಡಲಪಾಳ್ಯದಲ್ಲಿ ಬ್ಯಾನರ್ ಅಂಗಡಿ ಇಟ್ಟಿರುವ ಮಂಜಣ್ಣನಿಗೆ ಕಳಿಸಿ, ಜತೆಗೆ ಧ್ವನಿ ಸಂದೇಶವನ್ನೂ ಹಾಕಿದೆ. "ಮಂಜಣ್ಣ, ರಾಜ್ಯೋತ್ಸವದ ಬ್ಯಾನರ್. ಎಲ್ಲರ ಹೆಸರೂ ಬರ್ಬೇಕು, ಒಬ್ಬರನ್ನೂ ಬಿಡ್ಬೇಡಿ. ಕೊನೇ ಚೌಕ ಖಾಲಿ. ಅದು ಮುಂದೆ ಬರೋರಿಗೆ."

ಮಧ್ಯಾಹ್ನ ಆತ ಪ್ರೂಫ್ ಕಳಿಸಿದಾಗ ನಾನು ವಿಜಯನಗರದ ಸಿಗ್ನಲ್ಲಿನಲ್ಲಿದ್ದೆ. ತೆರೆದು ನೋಡದೆ ಹೆಬ್ಬೆಟ್ಟಿನ ಚಿತ್ರ ಒತ್ತಿದೆ. ಓದಿದವನ ಹೆಬ್ಬೆಟ್ಟು!

ಮರುದಿನ ಬೆಳಿಗ್ಗೆ ಶಾಲೆಯಲ್ಲಿ ಬ್ಯಾನರ್ ಬಿಚ್ಚಿದೆವು. ಮೇಲೆ ದಪ್ಪಕ್ಷರದಲ್ಲಿ 'ಶುಭ ಕೋರುವವರು'. ಕೆಳಗೆ ಶ್ರೀ ಜಲಜನಕ, ಶ್ರೀ ಗಂಧಕ, ಶ್ರೀಮತಿ ಬೆಳ್ಳಿ. ಬಲತುದಿಯಲ್ಲಿ 'ಜಡ ಅನಿಲ'. ಆ ಸಾಲಿನ ಖಾಲಿ ಚೌಕದಲ್ಲಿ ಕೈ ಮುಗಿದು ನಗುತ್ತಿರುವ ನಾನು!

ನನ್ನ ಹೆಸರು ಅನಿಲ್ ಕುಮಾರ್ ಎಂದು ಹೇಳಲು ಮರೆತೆ.

ತಕ್ಷಣ ಫೋನ್ ಮಾಡಿದೆ. "ಏನ್ರೀ ಮಂಜಣ್ಣ ಇದು?"

"ಮುಂದೆ ಬರೋರು ಅಂದ್ರೆ ನೀವೇ ಅಲ್ವಾ ಸಾರ್? ಕಾರ್ಪೊರೇಷನ್ ಎಲೆಕ್ಷನ್‌ಗೆ ನಿಲ್ತೀರೇನೋ ಅಂತ ವಾಟ್ಸಾಪ್ ಫೋಟೋ ಹಾಕ್ದೆ. ಕೈ ಮುಗಿಸಿದ್ದು ನಮ್ ಕಡೆಯಿಂದ ಫ್ರೀ."

"ಮತ್ತೆ ಈ ಜಡ?"

"ನಿಮ್ ಮನೆತನದ ಹೆಸರಲ್ವಾ ಸಾರ್?"

ಗಿರಿಜಾಳ ಕಣ್ಣಲ್ಲಿ ನೀರು ತುಂಬಿತ್ತು. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಬೇರೆ ಬ್ಯಾನರ್ ಮಾಡಿಸಲು ಹೊತ್ತಿರಲಿಲ್ಲ. ಅಷ್ಟರಲ್ಲಿ ಒಬ್ಬಳು ಹುಡುಗಿ ಇಣುಕಿ, ಕಿಸಕ್ಕನೆ ನಕ್ಕು, ಇಡೀ ತರಗತಿಯನ್ನೇ ಕರೆತಂದಳು. ಗಿರಿಜಾ ಕಣ್ಣೊರೆಸಿಕೊಂಡು ಕೋಲು ಹಿಡಿದಳು.

"ನೋಡಿ ಮಕ್ಕಳೇ, ಇವರು ಜಡ ಅನಿಲ. ಯಾರು ಕೂಗಿದ್ರೂ, ಎಷ್ಟು ಬಿಸಿ ಮುಟ್ಟಿಸಿದ್ರೂ ಪ್ರತಿಕ್ರಿಯೆ ಇಲ್ಲ. ಹದಿನೆಂಟು ವರ್ಷದಿಂದ ಮನೇಲಿ ಪ್ರಯೋಗ ಮಾಡ್ತಿದೀನಿ. ಅದಕ್ಕೇ ಇದು ಹದಿನೆಂಟನೇ ಗುಂಪು!"

ಸಂಜೆಯವರೆಗೂ ರೂಮಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಡ್ಯಾನ್ಸಿನವರೂ ಗೆಜ್ಜೆ ಸಮೇತ ಬಂದು ನಿಂತಿದ್ದರು. "ಮುಂದಿನ ವರ್ಷಾನೂ ರೂಮು ನಿಮ್ಮದೇ ಗಿರಿಜಾ" ಎಂದ ಹೆಡ್ ಮಿಸ್, ನನ್ನ ಕಡೆ ತಿರುಗಿ, "ಸಾರ್, ನೀವೂ ಬರ್ಬೇಕು. ಏನೂ ಮಾಡೋದು ಬೇಡ, ಸುಮ್ನೆ ನಿಂತಿದ್ರೆ ಸಾಕು" ಎಂದರು.

ಈಗ ಆ ಬ್ಯಾನರ್ ನಮ್ಮ ಸ್ಕೂಟರಿನ ಹೊದಿಕೆ. ಬಿಸಿಲಿಗೆ ಶ್ರೀಮತಿ ಬೆಳ್ಳಿ ಮಾಸಿದ್ದಾರೆ. ಶ್ರೀ ಗಂಧಕ ಅಳಿಸಿಯೇ ಹೋಗಿದ್ದಾರೆ. ನನ್ನ ಮುಖ ಮಾತ್ರ ಹಲ್ಲು ಕಿರಿದುಕೊಂಡು ಹಾಗೇ ಇದೆ. ಬಿಸಿಲಿಗೂ ಪ್ರತಿಕ್ರಿಯೆ ಇಲ್ಲ!