ಕಾರಿನ ಸೊಂಟಕ್ಕೆ ಡಾಬು

ಪುರೋಹಿತನ ಬದುಕಿನಲ್ಲಿ ನಗೋಕೆ ಏನಿರುತ್ತೆ ಅಂತ ಕೇಳುವವರು ಒಂದು ವಾರ ನನ್ನ ಕಾರಿನಲ್ಲಿ ಕೂತು ನೋಡಬೇಕು. ನಾನು ಮುಳಬಾಗಿಲಿನವನು. ಇವತ್ತು ಶ್ರೀನಿವಾಸಪುರದಲ್ಲಿ ಸತ್ಯನಾರಾಯಣ ಪೂಜೆ, ನಾಳೆ ಮಾಲೂರಿನಲ್ಲಿ ಗೃಹಪ್ರವೇಶ, ನಾಡಿದ್ದು ಕೋಲಾರದಲ್ಲಿ ನಾಮಕರಣ. ಹೀಗೆ ಸುತ್ತಿ ಸುತ್ತಿ, ದೇವರ ಮುಂದೆ ಕೂತದ್ದಕ್ಕಿಂತ ಸ್ಟಿಯರಿಂಗ್ ಮುಂದೆ ಕೂತದ್ದೇ ಹೆಚ್ಚಾಗಿದೆ. ಕಾರು ಚಿಕ್ಕದು, ಸೆಕೆಂಡ್ ಹ್ಯಾಂಡು. ಇಂಜಿನ್ ಚೆನ್ನಾಗಿತ್ತು, ಬ್ರೇಕ್ ಚೆನ್ನಾಗಿತ್ತು, ಆದರೆ ನೆಟ್ಟಗೆ ನಿಲ್ಲೋ ಅಭ್ಯಾಸ ಮಾತ್ರ ಅದಕ್ಕಿರಲಿಲ್ಲ. ಎಡಕ್ಕೆ ತಿರುಗಿಸಿದರೆ ಬಲಕ್ಕೆ ವಾಲುತ್ತಿತ್ತು, ಬಲಕ್ಕೆ ತಿರುಗಿಸಿದರೆ ಎಡಕ್ಕೆ. ಅದನ್ನು ನೆಟ್ಟಗೆ ಮಾಡಿಸೋಕೆ ಹೋಗಿ ಆದ ಫಜೀತಿಗಳು ಒಂದೆರಡಲ್ಲ.

ದಾರಿಯಲ್ಲೇ ಅಭಿಷೇಕ

ನನ್ನ ದೊಡ್ಡಪ್ಪನಿಗೆ ಎಪ್ಪತ್ತೆಂಟು ವರ್ಷ. ನನಗೆ ಮಂತ್ರ ಹೇಳಿಕೊಟ್ಟವರು ಅವರೇ. ಈಗಲೂ ದೊಡ್ಡ ಕಾರ್ಯ ಅಂದರೆ ಅವರು ಬರಲೇಬೇಕು. ನಾನೊಬ್ಬನೇ ಹೋದರೆ ಮನೆಯವರು "ದೊಡ್ಡವರು ಬರಲಿಲ್ವಾ ಸ್ವಾಮಿ?" ಅಂತ ನನ್ನ ಹಿಂದೆ ಹುಡುಕುತ್ತಾರೆ, ನಾನು ಬರೀ ಡ್ರೈವರು ಅನ್ನೋ ಹಾಗೆ.

ದೊಡ್ಡಪ್ಪನಿಗೆ ಪ್ಯಾಕೆಟ್ ಹಾಲಿನ ಮೇಲೆ ನಂಬಿಕೆ ಇಲ್ಲ. ಪಂಚಾಮೃತಕ್ಕೆ ಹಾಲು, ಮೊಸರು, ಜೇನುತುಪ್ಪ ಎಲ್ಲ ಮನೆಯಿಂದಲೇ ಕಲಸಿಕೊಂಡು ಬರಬೇಕು. ಮುಚ್ಚಳ ಇರೋ ಪ್ಲಾಸ್ಟಿಕ್ ಡಬ್ಬಿ ಮಡಿಗೆ ಆಗೋದಿಲ್ಲ. ಹಿತ್ತಾಳೆ ಚೊಂಬು, ಅದರ ಬಾಯಿಗೆ ಬಾಳೆಎಲೆ, ಎಲೆಯ ಮೇಲೆ ಅವರ ಅಂಗೈ. ಇಷ್ಟೇ ಭದ್ರತೆ.

ಅವತ್ತು ಕೋಲಾರದ ಕಡೆ ಒಂದು ಪೂಜೆಗೆ ಹೊರಟಿದ್ದೆವು. ದೇವರಾಯಸಮುದ್ರದ ಹತ್ತಿರ ಒಂದು ಎಮ್ಮೆ ರಸ್ತೆಗೆ ಬಂದು, ಇನ್ನೂ ದಾಟೋದೋ ಬೇಡವೋ ಅಂತ ಯೋಚಿಸುತ್ತಾ ನಿಂತುಕೊಂಡಿತು. ನಾನು ಸರಕ್ಕನೆ ಎಡಕ್ಕೆ ತಿರುಗಿಸಿದೆ. ಕಾರು ತನ್ನ ಪದ್ಧತಿಯಂತೆ ಬಲಕ್ಕೆ ವಾಲಿತು. ಕಾರಿನ ಜೊತೆ ದೊಡ್ಡಪ್ಪ ವಾಲಿದರು. ಚೊಂಬು ಮಾತ್ರ ಇವರಿಬ್ಬರಿಗಿಂತ ಸ್ವಲ್ಪ ಜಾಸ್ತಿಯೇ ವಾಲಿತು.

ಕನ್ನಡಿಯಲ್ಲಿ ನೋಡಿದೆ. ದೊಡ್ಡಪ್ಪನ ತಲೆಯಿಂದ ಮೊಸರು ಇಳಿಯುತ್ತಿತ್ತು, ಮೂಗಿನ ತುದಿಯಲ್ಲಿ ಜೇನು ನಿಂತಿತ್ತು, ಕಿವಿಯ ಮೇಲೆ ಒಂದು ಬಾಳೆಹಣ್ಣಿನ ಚೂರು ಕೂತಿತ್ತು. ಅವರು ಬೈಯಲಿಲ್ಲ. ನಿಧಾನವಾಗಿ ಕಣ್ಣು ಒರೆಸಿಕೊಂಡು ಹೇಳಿದರು:

"ಅಭಿಷೇಕ ಆಯ್ತು. ಗಾಡಿ ಸೈಡಿಗೆ ಹಾಕು, ಹಂಗೇ ಮಂಗಳಾರತೀನೂ ಎತ್ತಿಬಿಡು."

ಹಿಂದುಗಡೆ ಬಾರ್

ಆ ಸಂಜೆ ದೊಡ್ಡಪ್ಪ ತೀರ್ಮಾನ ಹೇಳಿದರು. "ಇನ್ಮೇಲೆ ನಿನ್ನ ಕಾರಲ್ಲಿ ಬರಲ್ಲ ಕಣೋ. ಬಸ್ಸಲ್ಲಿ ಬರ್ತೀನಿ." ಅವರು ಆ ವಯಸ್ಸಿನಲ್ಲಿ ಚೊಂಬು ಹಿಡಿದುಕೊಂಡು ಬಸ್ಸಿನಲ್ಲಿ ನಿಂತು ಬರೋದು, ನಾನು ಹಿಂದೆಯೇ ಖಾಲಿ ಕಾರಿನಲ್ಲಿ ಬರೋದು! ಊರಿನವರು ನನ್ನನ್ನು ಸುಮ್ಮನೆ ಬಿಡುತ್ತಾರೆಯೇ? ನನಗೆ ರಾತ್ರಿಯೆಲ್ಲ ಅದೇ ಕೊರಗು. ಬೆಳಗ್ಗೆ ಎದ್ದವನೇ ಕೋಲಾರದ ಮೆಕ್ಯಾನಿಕ್ ಹತ್ತಿರ ಹೋದೆ.

ಈ ಮೆಕ್ಯಾನಿಕ್ ಮಾತು ಶುರು ಮಾಡೋದು ತೆಲುಗಿನಲ್ಲಿ, ಮುಗಿಸೋದು ಕನ್ನಡದಲ್ಲಿ. ಕಾರನ್ನು ಒಂದು ಸುತ್ತು ಓಡಿಸಿಕೊಂಡು ಬಂದ. "ಏಂ ಕಾದು ಸ್ವಾಮಿ, ಏನೂ ಆಗಿಲ್ಲ. ಹಿಂದುಗಡೆ ಸ್ವೇ ಬಾರ್ ಸಾಲ್ತಾ ಇಲ್ಲ, ಅಷ್ಟೇ" ಅಂದ.

"ಹಾಗಂದ್ರೆ?"

"ಹಿಂದಿನ ಎರಡು ಚಕ್ರದ ನಡುವೆ ಅಡ್ಡಡ್ಡ ಒಂದು ಸರಳು ಇರುತ್ತೆ. ಗಾಡಿ ತಿರುವಿನಲ್ಲಿ ವಾಲೋಕೆ ಹೋದ್ರೆ ಅದು ಬಿಗಿಯಾಗಿ ಹಿಡ್ಕೊಂಡು ನೆಟ್ಟಗೆ ಕೂರಿಸುತ್ತೆ. ನಿಮ್ದು ಊದುಬತ್ತಿ ಥರ ಇದೆ. ದಪ್ಪದ್ದು ಹಾಕ್ತೀನಿ, ಆಮೇಲೆ ನೋಡಿ."

ಅಷ್ಟರಲ್ಲಿ ಹೆಂಡತಿಯ ಫೋನು. ಪಕ್ಕದಲ್ಲಿ ಸುತ್ತಿಗೆ ಏಟು ಬೀಳುತ್ತಿತ್ತು. ನಾನು ಕಿರುಚಿಯೇ ಮಾತಾಡಬೇಕಾಯಿತು.

"ಎಲ್ಲಿದ್ದೀರಿ?"

"ಕೋಲಾರದಲ್ಲಿ ಕಣೇ! ಬಾರ್ ವಿಷಯ ಮಾತಾಡ್ತಿದ್ದೀನಿ!"

"ಯಾವ ಬಾರು?"

"ಹಿಂದುಗಡೆದು! ಈಗಿರೋದು ದೊಡ್ಡಪ್ಪನಿಗೆ ಸಾಲ್ತಾ ಇಲ್ಲ! ದೊಡ್ಡದು ಹಾಕಿಸ್ತೀನಿ!"

ಆ ಕಡೆ ಅವಳ ಕೈಯೆಲ್ಲ ಹಿಟ್ಟಾಗಿತ್ತು, ಫೋನನ್ನು ಸ್ಪೀಕರಿಗೆ ಹಾಕಿದ್ದಳು, ಸುತ್ತ ಭಜನೆಗೆ ಬಂದ ಎಂಟು ಜನ ಹೆಂಗಸರು ಕೂತಿದ್ದರು ಅಂತ ನನಗೆ ಆಮೇಲೆ ಗೊತ್ತಾಯಿತು. ಕಾರು ರಿಪೇರಿಗೆ ಹೋಗಿದ್ದಾರೆ ಅಂತ ಅವಳು ಎಷ್ಟು ಬಿಡಿಸಿ ಹೇಳಿದರೂ ಎಂಟು ಜನರೂ ಪಾಪ, "ಇರಲಿ ಬಿಡಿ, ಈಗಿನ ಕಾಲದಲ್ಲಿ ಬರೀ ಪೂಜೆ ನಂಬ್ಕೊಂಡ್ರೆ ಆಗುತ್ತಾ?" ಅಂತ ಸಮಾಧಾನ ಹೇಳಿಯೇ ಎದ್ದು ಹೋದರಂತೆ.

ಮಾರನೇ ದಿನ ಶ್ರೀನಿವಾಸಪುರದಿಂದ ಒಬ್ಬರು ಮಾವಿನ ಮಂಡಿ ಸಾಹುಕಾರರ ಫೋನು ಬಂತು. ಪ್ರತಿ ವರ್ಷ ಅವರ ಮನೆ ಪೂಜೆ ನಮ್ಮದೇ. ಈ ಸಲ ಬೇಡ ಅನ್ನುತ್ತಾರೇನೋ ಅಂದುಕೊಂಡೆ. ಅವರು ದನಿ ತಗ್ಗಿಸಿದರು.

"ಸ್ವಾಮಿ, ನೀವು ಹಿಂದುಗಡೆ ಬಾರ್ ಮಾಡ್ತಿದ್ದೀರಂತೆ. ತಪ್ಪು ಅಂತ ಹೇಳ್ತಿಲ್ಲ. ಮುಂದುಗಡೆ ಜಾಗ ಖಾಲಿ ಇದ್ರೆ ನಮ್ಮ ಅಳಿಯನಿಗೆ ಕೊಡಿ. ಕಡ್ಲೆಬೀಜ, ಬೋಂಡಾ ಅಂಗಡಿ ಇಡ್ತಾನೆ."

ಕಾಣದ ಒಡವೆ

ದಪ್ಪ ಸರಳು ಹಾಕಿಸಿಕೊಂಡು ಮನೆಗೆ ಬಂದೆ. ಹೆಂಡತಿ ಕಾರಿನ ಸುತ್ತ ಮೂರು ಪ್ರದಕ್ಷಿಣೆ ಬಂದಳು.

"ಎಲ್ರೀ ಇದೆ?"

"ಕೆಳಗೆ."

"ಕೆಳಗೆ ಅಂದ್ರೆ?"

"ಬಗ್ಗಿ ನೋಡು."

ಬಗ್ಗಿದಳು. ಕಾಣಲಿಲ್ಲ. ಮೊಬೈಲಿನ ಟಾರ್ಚು ಹಿಡಿದು ಇನ್ನೂ ಬಗ್ಗಿದಳು. ನಾನು ಪಕ್ಕದಲ್ಲಿ ಮಂಡಿಯೂರಿ ಕೂತು ಬೆರಳು ತೋರಿಸಿದೆ. ಎದುರು ಮನೆಯವರು ನಮ್ಮ ಉಂಗುರ ಕಳೆದುಹೋಗಿದೆ ಅಂದುಕೊಂಡು ಹುಡುಕೋಕೆ ಬಂದರು. ಅವರನ್ನು ಕಳಿಸಿದ ಮೇಲೆ ನಾನು ಅವಳಿಗೆ ಅರ್ಥವಾಗೋ ಹಾಗೆ ಒಂದು ಹೋಲಿಕೆ ಕೊಟ್ಟೆ. ಕೊಡಬಾರದಿತ್ತು.

"ಇದು ಕಾರಿನ ಸೊಂಟಕ್ಕೆ ಡಾಬು ಇದ್ದ ಹಾಗೆ ಕಣೇ. ಸೊಂಟ ಬಿಗಿಯಾಗಿ ಹಿಡಿಯುತ್ತೆ."

ಅವಳು ಟಾರ್ಚು ಆರಿಸಿದಳು. ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಮದುವೆಯಾಗಿ ಇಪ್ಪತ್ತೆರಡು ವರ್ಷ. ಒಂದು ಬೆಳ್ಳಿ ಡಾಬು ಕೇಳಿದ್ದಕ್ಕೆ, ಯಾರು ನೋಡ್ತಾರೆ ಅಂದ್ರಿ. ಇದನ್ನ ಯಾರು ನೋಡ್ತಾರೆ?"

ಅವಳು ಒಳಗೆ ಹೋಗುತ್ತಾ ಅಂದಳು:

"ಹೋಗ್ಲಿ ಬಿಡಿ, ತಪ್ಪು ನಂದೇ. ನಾನೂ ತಿರುವಿನಲ್ಲಿ ಸ್ವಲ್ಪ ವಾಲಿದ್ರೆ ಮಾಡಿಸ್ತಿದ್ರೇನೋ."

ಕಣ್ಣು ಮುಚ್ಚಿ ಜಪ

ಕಾರು ನಿಜಕ್ಕೂ ಬದಲಾಗಿತ್ತು. ಎಂಥ ತಿರುವು ಬಂದರೂ ಮಣೆ ಹಾಕಿ ಕೂತವರ ಹಾಗೆ ನೆಟ್ಟಗೆ. ದೊಡ್ಡಪ್ಪನನ್ನು ಕಾಡಿ ಬೇಡಿ, "ಒಂದು ಸಲ ಬನ್ನಿ, ಚೊಂಬು ತುಳುಕಿದ್ರೆ ನಾನೇ ಬಸ್ಸು ಹತ್ತಿಸ್ತೀನಿ" ಅಂತ ಒಪ್ಪಿಸಿ ಮಾಲೂರಿನ ಗೃಹಪ್ರವೇಶಕ್ಕೆ ಕರೆದುಕೊಂಡು ಹೊರಟೆ.

ಮೊದಲ ತಿರುವು. ಚೊಂಬು ಅಲುಗಲಿಲ್ಲ. ಎರಡನೆಯದನ್ನು ಸ್ವಲ್ಪ ಜೋರಾಗಿ ತೆಗೆದುಕೊಂಡೆ. ಆಗಲೂ ಏನಿಲ್ಲ. ನನಗೆ ಒಂಥರಾ ಹುಮ್ಮಸ್ಸು ಬಂದುಬಿಟ್ಟಿತು. ಇಷ್ಟು ವರ್ಷ ತಿರುವು ಕಂಡರೆ ಕೈಮುಗಿದು ಹೋಗುತ್ತಿದ್ದವನು, ಅವತ್ತು ತಿರುವು ಯಾವಾಗ ಬರುತ್ತೆ ಅಂತ ಕಾಯುತ್ತಿದ್ದೆ. ಟೇಕಲ್ ದಾಟುವ ಹೊತ್ತಿಗೆ ಮುಂದಿದ್ದ ಟೊಮೆಟೊ ಟೆಂಪೋಗಳೆಲ್ಲ ಹಿಂದಾಗಿದ್ದವು.

ಕನ್ನಡಿಯಲ್ಲಿ ನೋಡಿದರೆ ದೊಡ್ಡಪ್ಪ ಕಣ್ಣು ಮುಚ್ಚಿ, ಚೊಂಬನ್ನು ಎದೆಗವಚಿಕೊಂಡು, ತುಟಿ ಅಲುಗಿಸುತ್ತಾ ಕೂತಿದ್ದರು. ಎಷ್ಟು ನೆಮ್ಮದಿಯಾಗಿ ಜಪ ಮಾಡುತ್ತಿದ್ದಾರೆ! ನನ್ನ ಕಣ್ಣಲ್ಲಿ ನೀರೇ ಬಂತು. ಮಾಲೂರು ತಲುಪಿ, ಬಾಗಿಲು ತೆಗೆದು ಕೈಹಿಡಿದು ಇಳಿಸಿದೆ. ಅವರ ಕೈ ಸ್ವಲ್ಪ ತಣ್ಣಗಿತ್ತು.

"ನೋಡಿದ್ರಾ ದೊಡ್ಡಪ್ಪ? ಒಂದು ಹನಿ ತುಳುಕಲಿಲ್ಲ. ಆರಾಮಾಗಿ ಜಪ ಮಾಡ್ಕೊಂಡು ಬಂದ್ರಿ."

"ಜಪ ಅಲ್ಲ ಕಣೋ" ಅಂದರು. "ನನ್ನ ತಿಥಿ ಮಂತ್ರ ನಾನೇ ಹೇಳ್ಕೊಂಡುಬಿಟ್ಟೆ. ನಿನಗೆ ಬಿಟ್ರೆ ತಪ್ಪು ತಪ್ಪಾಗಿ ಹೇಳ್ತೀಯ."

ಆವತ್ತಿನಿಂದ ನಾನು ನಿಧಾನವಾಗಿಯೇ ಓಡಿಸುತ್ತೇನೆ. ಅವರೂ ಕಣ್ಣು ಬಿಟ್ಟುಕೊಂಡೇ ಕೂರುತ್ತಾರೆ.

ಬುಷ್ಷಿಗೆ ತುಪ್ಪ

ಎರಡು ತಿಂಗಳಾದ ಮೇಲೆ ಕಾರಿನ ಹಿಂದುಗಡೆಯಿಂದ ಕುಂಯ್, ಕುಂಯ್ ಅಂತ ಶುರುವಾಯಿತು. ಹುತ್ತೂರಿನಲ್ಲಿ ರೇಷ್ಮೆ ಸಾಕುವ ಒಬ್ಬರ ಮನೆಗೆ ಗಣಹೋಮಕ್ಕೆ ಹೋಗಿದ್ದೆವು. ಅವರ ಅಂಗಳದ ಹಳ್ಳದಿಣ್ಣೆಯಲ್ಲಿ ಕಾರು ಬರುತ್ತಿದ್ದ ಹಾಗೆ ಮನೆಯಾಕೆ ಓಡಿ ಬಂದು, "ಅಯ್ಯೋ ಸ್ವಾಮಿ, ನಿಲ್ಸಿ, ನಿಲ್ಸಿ! ಕೆಳಗೆ ನಾಯಿಮರಿ ಸಿಕ್ಕಾಕ್ಕೊಂಡೈತೆ!" ಅಂತ ಕೂಗಿಕೊಂಡರು. ಇಲ್ಲ ಅಂದರೂ ಕೇಳಲಿಲ್ಲ. ಒಂದು ತಟ್ಟೆಯಲ್ಲಿ ಹಾಲು ತಂದು ಹಿಂದಿನ ಚಕ್ರದ ಹತ್ತಿರ ಇಟ್ಟು, "ಬಾ ಬಾ, ಕೂ ಕೂ" ಅಂತ ಕರೆಯುತ್ತಾ ಕೂತರು. ಒಳಗೆ ಹೋಮ ಮುಗಿದರೂ ಅವರು ಆರತಿಗೆ ಬರಲಿಲ್ಲ.

ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. "ಸರಳನ್ನ ಹಿಡ್ಕೊಂಡಿರೋ ರಬ್ಬರ್ ಬುಷ್ ಒಣಗಿದೆ ಸ್ವಾಮಿ. ಸ್ವಲ್ಪ ಗ್ರೀಸ್ ಬೇಕು, ಬಿಡುವಾದಾಗ ಬನ್ನಿ" ಅಂದ. ಬಿಡುವೆಲ್ಲಿದೆ? ನನ್ನ ಹತ್ತಿರ ಹೋಮಕ್ಕೆ ಹಾಕಿ ಮಿಕ್ಕಿದ ತುಪ್ಪ ಇತ್ತು. ಜಾರೋಕೆ ತುಪ್ಪಕ್ಕಿಂತ ಬೇಕೇ? ಮನೆಗೆ ಬಂದು, ಒಂದು ದರ್ಭೆಯ ತುದಿಗೆ ಅದ್ದಿ ಅದ್ದಿ ಎರಡೂ ಬುಷ್ಷಿಗೆ ಹಚ್ಚಿದೆ. ಕುಂಯ್‌ಗುಟ್ಟೋದು ನಿಂತೇಹೋಯಿತು. ಮೆಕ್ಯಾನಿಕ್‌ಗಿಂತ ನಾನೇ ವಾಸಿ ಅಂತ ಬೀಗಿದೆ.

ನಾಲ್ಕೇ ದಿನ. ಐದನೇ ದಿನ ಕಾರಿನ ಹಿಂದೆ ಕಡಕ್, ಕಡಕ್ ಅಂತ ಕಬ್ಬಿಣ ಬಡಿಯೋ ಸದ್ದು. ದೊಡ್ಡಪ್ಪನನ್ನೂ ಕೂರಿಸಿಕೊಂಡು ಕೋಲಾರಕ್ಕೆ ಹೋದೆ. ಮೆಕ್ಯಾನಿಕ್ ಕೆಳಗೆ ತೂರಿ, ಹೊರಗೆ ಬಂದು, ಬೆರಳು ಮೂಸಿ ನೋಡಿದ.

"ಸ್ವಾಮಿ, ಏನು ಹಚ್ಚಿದ್ರಿ ಇದಕ್ಕೆ?"

"ತುಪ್ಪ. ಮನೇದೇ, ಶುದ್ಧವಾದದ್ದು."

"ಅಯ್ಯೋ ರಾಮುಡಾ! ಇಲಿ ಬಂದು ತುಪ್ಪದ ಜೊತೆ ಬುಷ್ಷನ್ನೂ ತಿಂದುಹಾಕಿದೆ ನೋಡಿ!"

ಹಿಂದಿನ ಸೀಟಿನ ಕಿಟಕಿಯಿಂದ ದೊಡ್ಡಪ್ಪ ತಲೆ ಹೊರಗೆ ಹಾಕಿದರು. "ಗಣಹೋಮದ ತುಪ್ಪ ತಾನೇ?"

"ಹೌದು ದೊಡ್ಡಪ್ಪ."

"ಮತ್ತೆ ಸರಿಯಾಗಿದೆಯಲ್ಲೋ. ಗಣಪತಿಯ ವಾಹನಕ್ಕೇ ಹೋಗಿ ಸೇರಿದೆ. ನಿನ್ನ ಪೌರೋಹಿತ್ಯದಲ್ಲಿ ಇದೊಂದೇ ನೋಡು ನೇರವಾಗಿ ತಲುಪಿದ್ದು."

ವೇಮಗಲ್ಲಿನ ವಾಹನಪೂಜೆ

ಇಷ್ಟೆಲ್ಲ ಆದಮೇಲೆ ನಾನು ಮಂತ್ರಕ್ಕಿಂತ ಕಾರಿನ ವಿಷಯಕ್ಕೇ ಹೆಸರುವಾಸಿಯಾದೆ. ನನಗೂ ಒಳಗೊಳಗೇ ಹೆಮ್ಮೆ. ಯಾರ ಕಾರು ಕಂಡರೂ ಬಗ್ಗಿ ಹಿಂದುಗಡೆ ನೋಡೋದು ಚಟವಾಗಿತ್ತು.

ವೇಮಗಲ್ಲಿನ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಒಬ್ಬ ಯುವಕ ಹೊಸ ಕಾರು ತಂದು ಮನೆ ಮುಂದೆ ಪೂಜೆ ಇಟ್ಟುಕೊಂಡಿದ್ದ. ದೊಡ್ಡಪ್ಪನಿಗೆ ಮಂಡಿನೋವು, ನಾನೊಬ್ಬನೇ ಹೋಗಿದ್ದೆ. ಕಾರಿಗೆ ಅರಿಶಿನ ಕುಂಕುಮ ಆಯಿತು, ಹಾರ ಆಯಿತು. ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟೆ. ಇನ್ನು ಅದರ ಮೇಲೆ ಹತ್ತಿಸಿ ಕಾರು ಮುಂದಕ್ಕೆ ತೆಗೆದರೆ ಮುಗಿಯಿತು. ಅವನ ಅಜ್ಜಿ ಒಳಗೆ ಆರತಿ ತಟ್ಟೆ ಸಿದ್ಧ ಮಾಡುತ್ತಿದ್ದರು. ಅಲ್ಲಿಂದಲೇ ಕೂಗಿದರು, "ಲೇ, ಮುಹೂರ್ತ ಮೀರ್ತೈತೆ, ಹತ್ತಿಸೋ ಬೇಗ!"

ಅವನು ಸ್ಟಿಯರಿಂಗ್ ಮುಂದೆ ಕೂತ. ಬೀಗದಕೈ ತಿರುಗಿಸೋಕೆ ಮುಂಚೆ ತಲೆ ಹೊರಗೆ ಹಾಕಿ ಕೇಳಿದ:

"ಸ್ವಾಮಿ, ನಿಮ್ಮ ಕಾರಿಗೆ ಹಿಂದೆ ದಪ್ಪ ಸ್ವೇ ಬಾರ್ ಹಾಕ್ಸಿದ್ದೀರಂತೆ. ಇದಕ್ಕೆ ಹೆಂಗಿದೆ, ಒಸಿ ನೋಡ್ತೀರಾ?"

ಕೇಳಬೇಕೇ! "ಇಂಜಿನ್ ಆನ್ ಮಾಡಬೇಡ, ಹಂಗೇ ಕೂತಿರು" ಅಂದೆ. ಹೆಗಲ ಮೇಲಿನ ಶಲ್ಯ ತೆಗೆದು ಕಾಂಪೌಂಡಿನ ಮೇಲಿಟ್ಟೆ. ಒಂದು ಗೋಣಿಚೀಲ ಹಾಸಿಕೊಂಡು, ಮಡಿಪಂಚೆಯಲ್ಲೇ ಅಂಗಾತ ಮಲಗಿ ಕಾರಿನ ಹಿಂದುಗಡೆಯಿಂದ ಒಳಗೆ ತೂರಿದೆ. ಸೊಂಟದವರೆಗೂ ಒಳಗೆ ಹೋದೆ. ಸರಳು ಸಿಕ್ಕಿತು. ಕೈಯಲ್ಲಿ ಹಿಡಿದು ನೋಡಿದೆ.

"ಸಣ್ಣದು…" ಅಂದೆ. ಕೆಳಗೆ ಉಸಿರು ಕಟ್ಟಿದಂತಿದ್ದರಿಂದ ನನ್ನ ದನಿ ನರಳಿದ ಹಾಗೆ ಬಂತು. "ತುಂಬಾ… ಸಣ್ಣದು…"

ಆಚೆ ಬರೋಣ ಅಂತ ನೋಡಿದರೆ ಜನಿವಾರ ಯಾವುದೋ ಬೋಲ್ಟಿಗೆ ಸಿಕ್ಕಿಕೊಂಡುಬಿಟ್ಟಿತ್ತು. ಎಳೆದರೆ ಕಿತ್ತುಹೋಗುತ್ತೆ, ಬಿಟ್ಟರೆ ಬರೋಕಾಗಲ್ಲ. ಬೋಲ್ಟಿನ ಕಡೆ ಕೈ ತಿರುಗಿಸೋಕೂ ಜಾಗವಿಲ್ಲ. ಏನು ಮಾಡಲಿ? ಕಾಲು ಒದರಿದೆ.

ಸರಿಯಾಗಿ ಆಗಲೇ ಅಜ್ಜಿ ಆರತಿ ತಟ್ಟೆ ಹಿಡಿದು ಹೊರಗೆ ಬಂದರು. ಅವರಿಗೆ ಕಂಡಿದ್ದು ಇಷ್ಟು: ಸ್ಟಿಯರಿಂಗ್ ಹಿಡಿದು ಕೂತ ಮೊಮ್ಮಗ, ಕಾಂಪೌಂಡಿನ ಮೇಲೆ ನನ್ನ ಶಲ್ಯ, ಕಾರಿನ ಕೆಳಗಿನಿಂದ ಹೊರಗೆ ಚಾಚಿಕೊಂಡು ವಿಲವಿಲ ಒದ್ದಾಡುತ್ತಿರುವ ಎರಡು ಕಾಲು.

ತಟ್ಟೆ ಠಣಾರ್ ಅಂತ ಬಿತ್ತು. ಅಕ್ಕಪಕ್ಕದ ನಾಲ್ಕು ಮನೆಗೂ ಕೇಳೋ ಹಾಗೆ ಅಜ್ಜಿ ಎದೆ ಬಡಿದುಕೊಂಡರು:

"ಅಯ್ಯೋ ಪಾಪಿಷ್ಠ ನನ್ಮಗನೇ! ನಿಂಬೆಹಣ್ಣಿನ ಮೇಲೆ ಹತ್ತಿಸೋ ಅಂದ್ರೆ ಐನೋರ ಮೇಲೆ ಹತ್ತಿಸ್ಬಿಟ್ಯಲ್ಲೋ!"