ಕರೆಂಟ್ ಇದೆ ಎಂಬ ದೂರು

ನಮ್ಮ ವಿದ್ಯುತ್ ಮಂಡಳಿಯ ಹದಿನಾಲ್ಕನೇ ನಂಬರಿನ ಟ್ರಾನ್ಸ್‌ಫಾರ್ಮರ್ ಹನ್ನೊಂದು ವರ್ಷಗಳ ಕಾಲ ಒಮ್ಮೆಯೂ ಕೆಡಲಿಲ್ಲ. ಈ ಗಂಭೀರ ಲೋಪ ಮಂಡಳಿಯ ಗಮನಕ್ಕೆ ಬಂದದ್ದು ಕಂಟ್ರೋಲ್ ರೂಮಿಗೆ ದೊಡ್ಡ ಪರದೆ ಬಂದ ಮೇಲೆ.

ಪರದೆಯ ವಿಷಯ ಮೊದಲು ಹೇಳಬೇಕು. ಅದು ಗೋಡೆಯ ಈ ಮೂಲೆಯಿಂದ ಆ ಮೂಲೆಯವರೆಗೆ ಇದೆ. ಅದನ್ನು ಕೂರಿಸಲು ಇದ್ದ ಎರಡು ಕಿಟಕಿಗಳನ್ನೂ ಇಟ್ಟಿಗೆ ಇಟ್ಟು ಮುಚ್ಚಬೇಕಾಯಿತು. ಹಾಗಾಗಿ ಹೊರಗೆ ಬಿಸಿಲಿದೆಯೋ ಮಳೆಯಿದೆಯೋ ಎಂಬುದನ್ನು ಈಗ ಪರದೆಯ ಬಲಮೂಲೆಯಲ್ಲಿ ನೋಡಿ ತಿಳಿದುಕೊಳ್ಳುತ್ತೇವೆ. ಪರದೆಯ ಮೇಲೆ ಊರಿನ ನಕ್ಷೆ, ನಕ್ಷೆಯ ಮೇಲೆ ನಲವತ್ತು ಚುಕ್ಕೆ, ಚುಕ್ಕೆಗೊಂದು ಟ್ರಾನ್ಸ್‌ಫಾರ್ಮರ್. ಕೆಟ್ಟು ದೂರು ಬಂದ ಕೂಡಲೇ ಚುಕ್ಕೆ ಕೆಂಪು. ಲೈನ್‌ಮನ್ ಹೊರಟರೆ ಹಳದಿ. ಸರಿಹೋದರೆ ಹಸಿರು. ಎಲ್ಲವೂ ಆ ಕ್ಷಣಕ್ಕೆ, ಕಣ್ಣೆದುರಿಗೇ. ಬೆಳಗಿನಿಂದ ಸಂಜೆಯವರೆಗೆ ಮೂವತ್ತೊಂಬತ್ತು ಚುಕ್ಕೆಗಳು ಬಣ್ಣ ಬದಲಿಸುತ್ತ ಕುಣಿಯುವುದನ್ನು ನೋಡಿದರೆ ಇಲಾಖೆ ಕೆಲಸ ಮಾಡುತ್ತಿದೆ ಎಂಬುದರಲ್ಲಿ ಯಾರಿಗೂ ಸಂಶಯ ಉಳಿಯುವುದಿಲ್ಲ.

ಉಳಿದೊಂದು ಚುಕ್ಕೆ ಮಾತ್ರ ಬೂದಿ ಬಣ್ಣದ್ದು.

"ಅದ್ಯಾಕ್ರೀ ಹಾಗೆ ಸತ್ತುಬಿದ್ದಿದೆ?" ಎಂದು ಎಂಜಿನಿಯರ್ ಸಾಹೇಬರು ಕೇಳಿದರು.

"ಹದಿನಾಲ್ಕನೇ ನಂಬರ್ ಸರ್. ಅದರಿಂದ ಡೇಟಾನೇ ಬರ್ತಿಲ್ಲ" ಎಂದರು ಡೇಟಾ ಮೇಡಂ. ಇವರು ಪರದೆಯ ಜೊತೆಗೇ ಗುತ್ತಿಗೆಯ ಮೇಲೆ ಬಂದವರು. "ಕೆಟ್ಟರೆ ತಾನೆ ಸರ್ ಡೇಟಾ ಬರೋದು."

"ಎಷ್ಟು ದಿನದಿಂದ ಕೆಟ್ಟಿಲ್ಲ?"

"ದಾಖಲೆ ಶುರುವಾದಾಗಿನಿಂದ."

"ನನ್ನ ಡಿವಿಜನ್‌ನಲ್ಲಿ ಇಂಥದ್ದು ನಡೀತಿದೆ, ನನಗೇ ಗೊತ್ತಿಲ್ಲ" ಎಂದರು ಸಾಹೇಬರು.

ಮರುದಿನ ಸುತ್ತೋಲೆ ಹೊರಟಿತು. "ನೈಜಸಮಯದ ದತ್ತಾಂಶ ವಿಶ್ಲೇಷಣೆಯಲ್ಲಿ ಚಟುವಟಿಕೆ ಕಂಡುಬರದ ಸ್ಥಾನಗಳಲ್ಲಿ ಕೆಲಸವಿಲ್ಲವೆಂದು ಭಾವಿಸತಕ್ಕದ್ದು. ಕೆಲಸವಿಲ್ಲದ ಕಡೆ ನೌಕರನಿರುವುದು ಸಮಂಜಸವಲ್ಲ. ಆದ್ದರಿಂದ ಅಂಥ ಹುದ್ದೆಗಳನ್ನು ಈ ತಿಂಗಳ ಮೂವತ್ತರಂದು ರದ್ದುಪಡಿಸಿ, ಸದರಿ ನೌಕರರು ವಾಸವಿರುವ ಕ್ವಾರ್ಟರ್ಸನ್ನು ಅದೇ ದಿನ ಸಂಜೆ ಐದು ಗಂಟೆಯೊಳಗೆ ವಶಕ್ಕೆ ಪಡೆಯತಕ್ಕದ್ದು."

ಸದರಿ ನೌಕರನನ್ನು ಇಲಾಖೆಯಲ್ಲಿ ಎಲ್ಲರೂ ಒರೆಸಪ್ಪ ಎಂದು ಕರೆಯುತ್ತಾರೆ. ಹದಿನಾಲ್ಕನೇ ನಂಬರಿನ ಲೈನ್‌ಮನ್. ಹೆಗಲ ಮೇಲೆ ಸದಾ ಒಂದು ಒಣಬಟ್ಟೆ. ನಿವೃತ್ತಿಗೆ ಇನ್ನು ಮೂರು ವರ್ಷ. ಕ್ವಾರ್ಟರ್ಸಿನ ಎರಡು ಕೋಣೆಯಲ್ಲಿ ಹೆಂಡತಿಯೊಂದಿಗೆ ಹತ್ತೊಂಬತ್ತು ವರ್ಷದಿಂದ ಇದ್ದಾರೆ, ಬೇರೆ ಮನೆಯೆಂಬುದಿಲ್ಲ. ಅವರು ಸುತ್ತೋಲೆ ಹಿಡಿದುಕೊಂಡು ಕಂಟ್ರೋಲ್ ರೂಮಿಗೆ ಬಂದರು.

"ಮೇಡಂ, ಅದು ಕೆಡದೇ ಇರೋದು ನಾನು ಕೆಲಸ ಮಾಡ್ತಿರೋದಕ್ಕೆ."

"ಏನು ಕೆಲಸ ಮಾಡ್ತೀರಿ?"

"ವಾರಕ್ಕೊಂದು ಸಲ ಎಣ್ಣೆ ನೋಡ್ತೀನಿ. ಬೋಲ್ಟ್ ಬಿಗಿ ಮಾಡ್ತೀನಿ. ತಂತಿಗೆ ತಾಗೋ ಕೊಂಬೆ ಕಡೀತೀನಿ. ಒರೆಸ್ತೀನಿ."

ಮೇಡಂ ಕಂಪ್ಯೂಟರಿನಲ್ಲಿ ಬಹಳ ಹೊತ್ತು ಹುಡುಕಿದರು. ಅವರು ಕೆಟ್ಟವರಲ್ಲ; ನಿಜವಾಗಿಯೂ ಹುಡುಕಿದರು. "ಕೆಟ್ಟಿದ್ದಕ್ಕೆ ಇಲ್ಲಿ ಹನ್ನೆರಡು ಕಾರಣ ಇದೆ. ಕೆಡದೇ ಇರೋದಕ್ಕೆ ಒಂದೂ ಇಲ್ಲ. ಒರೆಸೋದಕ್ಕೆ ಕೋಡ್ ಏನು?"

"ಕೋಡ್ ಇಲ್ಲ ಮೇಡಂ, ಬಟ್ಟೆ ಇದೆ."

"ಬಟ್ಟೆ ಅಪ್‌ಲೋಡ್ ಆಗಲ್ಲ" ಎಂದು ಮೇಡಂ ವಿಷಾದದಿಂದ ಹೇಳಿದರು.

ನಿಯಮದ ಪ್ರಕಾರ ಟ್ರಾನ್ಸ್‌ಫಾರ್ಮರ್‌ಗೂ ಒಂದು ನೋಟೀಸು ಜಾರಿಯಾಯಿತು. ಹನ್ನೊಂದು ವರ್ಷ ದತ್ತಾಂಶ ಸಲ್ಲಿಸದ ಕಾರಣಕ್ಕೆ ತನ್ನ ಮೇಲೇಕೆ ಕ್ರಮ ಜರುಗಿಸಬಾರದು ಎಂಬುದಕ್ಕೆ ಏಳು ದಿನದೊಳಗೆ ಲಿಖಿತ ಉತ್ತರ ಕೊಡಬೇಕೆಂದು ಅದರ ಕಂಬಕ್ಕೆ ಅಂಟಿಸಿ ಬಂದರು. ಏಳು ದಿನ ಕಳೆದರೂ ಉತ್ತರ ಬರಲಿಲ್ಲ. ಮೌನವನ್ನು ತಪ್ಪೊಪ್ಪಿಗೆಯೆಂದು ದಾಖಲಿಸಿಕೊಳ್ಳಲಾಯಿತು.

ಇತ್ತ ಒಂಬತ್ತನೇ ನಂಬರಿನ ಲೈನ್‌ಮನ್ ಮಿಂಚು ಎಂಬಾತನ ಫೋಟೋ ಉತ್ತಮ ನೌಕರನೆಂದು ಕಂಟ್ರೋಲ್ ರೂಮಿನ ಬಾಗಿಲಿಗೆ ಬಂದಿತ್ತು. ಅವನ ಟ್ರಾನ್ಸ್‌ಫಾರ್ಮರ್ ಮೂರು ತಿಂಗಳಲ್ಲಿ ಮೂವತ್ತೊಂದು ಸಲ ಕೆಟ್ಟು, ಪ್ರತಿ ಸಲವೂ ಹನ್ನೊಂದು ನಿಮಿಷದಲ್ಲಿ ಸರಿಹೋಗಿತ್ತು. ಕೆಡುವ ಹೊತ್ತಿಗೆ ಮಿಂಚು ಆಗಲೇ ಕಂಬದ ಮೇಲೆ ಇರುತ್ತಿದ್ದ. ಇದಕ್ಕಿಂತ ಬೇಗ ಸ್ಥಳಕ್ಕೆ ತಲುಪುವುದು ಮನುಷ್ಯನಿಗೆ ಸಾಧ್ಯವಿಲ್ಲವೆಂದು ತಜ್ಞರೂ ಒಪ್ಪಿದ್ದಾರೆ.

"ಒಂದು ಬೋಲ್ಟ್ ಸಡಿಲ ಬಿಡಿ ಅಣ್ಣ, ಸಾಕು" ಎಂದು ಅವನು ಒರೆಸಪ್ಪನವರಿಗೆ ತಿಳಿಹೇಳಿದ. "ಮಿಕ್ಕಿದ್ದು ತಾನಾಗೇ ಆಗತ್ತೆ."

ಒರೆಸಪ್ಪ ಸ್ಪ್ಯಾನರ್ ಹಿಡಿದು ಹೋದರು. ಅರ್ಧ ಗಂಟೆ ನಿಂತರು. ಬೋಲ್ಟನ್ನು ಇನ್ನಷ್ಟು ಬಿಗಿ ಮಾಡಿ ವಾಪಸು ಬಂದರು.

"ಅಲ್ಲ ರೀ, ಒಂದು ಕೆಡಿಸೋದಕ್ಕೂ ಆಗಲ್ವಾ ನಿಮ್ಮ ಕೈಲಿ?" ಎಂದರು ಹೆಂಡತಿ. "ಮನೇಲಿ ನನ್ನ ಮಿಕ್ಸಿ ಕೆಡಿಸಿದ್ರಲ್ಲ, ಹಾಗೇ ಮಾಡಿ."

"ಮಿಕ್ಸಿ ರಿಪೇರಿ ಮಾಡೋಕೆ ಹೋಗಿ ಕೆಡಿಸಿದ್ದು ಕಣೇ. ಬೇಕೂಂತ ಅಲ್ಲ."

"ಹಾಗಾದ್ರೆ ಇದನ್ನೂ ರಿಪೇರಿ ಮಾಡೋಕೆ ಹೋಗಿ."

ಸುದ್ದಿ ಬೀದಿಗೆ ತಲುಪಿತು. ಹಿಟ್ಟಿನ ಗಿರಣಿಯ ಯಜಮಾನರು, ಇಸ್ತ್ರಿ ಅಂಗಡಿಯ ಅಕ್ಕ, ಮತ್ತೆ ಒಂದಿಪ್ಪತ್ತು ಮನೆಯವರು ಗಿರಣಿಯ ಮುಂದೆ ಸಭೆ ಸೇರಿದರು.

"ನಮ್ಮ ಒರೆಸಣ್ಣ ಕೆಡಿಸಲ್ಲ ಅಂದ್ರೆ ನಾವೇ ಕೆಡಿಸೋಣ" ಎಂದರು ಗಿರಣಿ ಯಜಮಾನರು. "ಹನ್ನೊಂದು ವರ್ಷ ನಮಗೆ ಕರೆಂಟ್ ಕೊಟ್ಟಿದಾರೆ. ಒಂದು ದಿನ ಅವರ ಟ್ರಾನ್ಸ್‌ಫಾರ್ಮರ್ ಸುಟ್ಟುಹಾಕದಿದ್ರೆ ನಾವು ಮನುಷ್ಯರಾ?"

ಬುಧವಾರ ಹನ್ನೊಂದು ಗಂಟೆಗೆ ಬೀದಿಯಲ್ಲಿದ್ದ ಸ್ವಿಚ್ಚುಗಳನ್ನೆಲ್ಲ ಒಟ್ಟಿಗೆ ಹಾಕಲಾಯಿತು. ಗಿರಣಿಯಲ್ಲಿ ಧಾನ್ಯವಿಲ್ಲದೆ ಕಲ್ಲು ಗಡಗಡಿಸಿತು. ಇಸ್ತ್ರಿ ಅಕ್ಕ ಅಕ್ಕಪಕ್ಕದ ಮನೆಗಳಿಂದ ಒಂಬತ್ತು ಇಸ್ತ್ರಿ ಪೆಟ್ಟಿಗೆ ತಂದು ಸಾಲಾಗಿ ಇಟ್ಟಳು. ನೀರು ಕಾಯಿಸುವ ಗೀಸರುಗಳು, ಪಂಪುಗಳು, ಬಟ್ಟೆ ಒಗೆಯುವ ಯಂತ್ರಗಳು, ಕ್ಷೌರದಂಗಡಿಯಲ್ಲಿ ಯಾರ ತಲೆಯೂ ಇಲ್ಲದೆ ಊದುತ್ತಿದ್ದ ಡ್ರೈಯರು. ಒಬ್ಬ ಅಜ್ಜಿ ತನ್ನ ಮನೆಯಲ್ಲಿ ಬೇರೇನೂ ಇಲ್ಲವೆಂದು ಟಾರ್ಚನ್ನು ಚಾರ್ಜಿಗೆ ಹಾಕಿ ಕೈಮುಗಿದು ಕೂತಳು.

ಹದಿನಾಲ್ಕನೇ ನಂಬರು ಒಮ್ಮೆ ಗುಂಯ್ ಎಂದಿತು. ಮತ್ತೆ ಎಂದಿನ ಸದ್ದಿಗೆ ಬಂತು. ಅದೇ ಲೈನಿನ ಮೇಲಿದ್ದ ಒಂಬತ್ತನೇ ನಂಬರು ಮಾತ್ರ ಢಂ ಎಂದು ನಿಂತುಹೋಗಿ, ಮಿಂಚುವಿನ ಖಾತೆಗೆ ಮೂವತ್ತೆರಡನೆಯದು ಸೇರಿತು.

"ಥೂ, ಏನು ಮಷೀನಪ್ಪಾ ಇದು" ಎಂದರು ಗಿರಣಿ ಯಜಮಾನರು. ಒರೆಸಪ್ಪ ತಲೆ ತಗ್ಗಿಸಿ ನಿಂತಿದ್ದರು. ಮುಖದಲ್ಲಿ ಸಣ್ಣ ನಗು ಇತ್ತೆಂದು ಕೆಲವರು ಹೇಳುತ್ತಾರೆ. ಅದಕ್ಕೆ ಪುರಾವೆ ಇಲ್ಲ.

ಮೂವತ್ತನೇ ತಾರೀಕಿಗೆ ನಾಲ್ಕು ದಿನ ಉಳಿಯಿತು. ಕ್ವಾರ್ಟರ್ಸಿನಲ್ಲಿ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಲು ಶುರುಮಾಡಿದ್ದರು.

"ಕರೆಂಟ್ ಹೋಗಿದೆ ಅಂತ ಸುಮ್ಮನೆ ಒಂದು ಫೋನ್ ಮಾಡಿಬಿಡ್ತೀನಿ" ಎಂದಳು ಇಸ್ತ್ರಿ ಅಕ್ಕ.

"ಸುಳ್ಳು ದೂರು ಬೇಡಮ್ಮ" ಎಂದರು ಒರೆಸಪ್ಪ. "ನನ್ನ ಹೆಸರಲ್ಲಿ ಸುಳ್ಳು ದಾಖಲಾಗೋದು ಬೇಡ."

"ಸರಿ, ನಿಜಾನೇ ಹೇಳ್ತೀನಿ ಬಿಡಿ" ಎಂದು ಅವಳು ಅಲ್ಲಿಯೇ ಫೋನ್ ಹಚ್ಚಿದಳು.

"ಏನು ದೂರು ಹೇಳಿ" ಎಂದಿತು ದೂರು ವಿಭಾಗದ ಹೆಣ್ಣುದನಿ.

"ಕರೆಂಟ್ ಇದೆ."

"ಇಲ್ವಾ?"

"ಇದೆಯಮ್ಮ. ಇದೆ ಅನ್ನೋದೇ ದೂರು. ಹನ್ನೊಂದು ವರ್ಷದಿಂದ ಇದೆ. ಎಷ್ಟಂತ ಸಹಿಸಿಕೊಳ್ಳೋದು?"

ಆ ಕಡೆ ಸ್ವಲ್ಪ ಹೊತ್ತು ಕೀಲಿಮಣೆಯ ಸದ್ದು. "ಇತರೆ ಅನ್ನೋದರಲ್ಲಿ ಹಾಕ್ಕೊಂಡಿದ್ದೀನಿ. ಸಿಬ್ಬಂದಿ ಬರ್ತಾರೆ."

ಕಂಟ್ರೋಲ್ ರೂಮಿನಲ್ಲಿ ಹದಿನಾಲ್ಕನೇ ಚುಕ್ಕೆ ಕೆಂಪಾಯಿತು. ಎಲ್ಲರೂ ಎದ್ದು ನಿಂತರು. ಸಾಹೇಬರು ಕುಡಿಯುತ್ತಿದ್ದ ಚಹಾ ಹಾಗೇ ಇಟ್ಟು, "ಬಂತು, ಬಂತು" ಎಂದರು. ಒರೆಸಪ್ಪನವರ ಮೊಬೈಲಿಗೆ ಆದೇಶ ಹೋಯಿತು. ಚುಕ್ಕೆ ಹಳದಿಯಾಯಿತು. ಅವರು ಸ್ಥಳ ಪರಿಶೀಲಿಸಿದರು. ದೂರು ನಿಜವೇ ಎಂದು ಮೊಬೈಲ್ ಕೇಳಿತು. ಗಿರಣಿಯ ಬಲ್ಬು ಉರಿಯುತ್ತಿತ್ತು. ಹೌದು ಎಂದು ಒತ್ತಿದರು. ದೂರಿನ ಕಾರಣ ನಿವಾರಣೆಯಾಯಿತೇ ಎಂದು ಕೇಳಿತು. ಅಲ್ಲಿ ಬೆರಳು ನಿಂತಿತು.

"ಮೇಡಂ, ಇಲ್ಲ ಅಂತ ಒತ್ತಲಾ?" ಎಂದು ಫೋನಿನಲ್ಲಿ ಕೇಳಿದರು.

"ಇಲ್ಲ ಅಂದ್ರೆ ಕೆಂಪಲ್ಲೇ ಇರತ್ತೆ. ವಿಫಲ ಸಿಬ್ಬಂದಿ ಅಂತ ಬರತ್ತೆ."

"ಹೌದು ಅನ್ನೋದಕ್ಕೆ ಕರೆಂಟ್ ಇನ್ನೂ ಇದೆಯಲ್ಲ."

"ಅದನ್ನೇ ತಾನೆ ಅವರು ದೂರಿರೋದು" ಎಂದರು ಮೇಡಂ. "ನಿವಾರಿಸಿ."

ಒರೆಸಪ್ಪ ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ, ಕಾರಣವಿಲ್ಲದೆ, ಕಂಬದ ಸ್ವಿಚ್ಚಿನ ಹಿಡಿಯನ್ನು ಕೆಳಗೆಳೆದರು. ಬೀದಿ ಸದ್ದಡಗಿತು. ಹೌದು ಎಂದು ಒತ್ತಿದರು. ಚುಕ್ಕೆ ಹಸಿರಾಯಿತು. ಕಂಟ್ರೋಲ್ ರೂಮಿನಲ್ಲಿ ಚಪ್ಪಾಳೆ ಬಿತ್ತು. ಹತ್ತು ನಿಮಿಷ ಬಿಟ್ಟು ಅವರು ಹಿಡಿಯನ್ನು ಮೇಲೆತ್ತಿದರು; ಬಲ್ಬು ಹತ್ತಿದ ಕೂಡಲೇ ಗಿರಣಿ ಯಜಮಾನರು ಎರಡನೇ ದೂರು ಕೊಟ್ಟರು.

ಅಲ್ಲಿಂದ ಮುಂದೆ ಎಲ್ಲವೂ ಕ್ರಮಬದ್ಧವಾಗಿ ನಡೆಯಿತು. ಬೀದಿಯವರು ಸರದಿ ಪಟ್ಟಿ ಮಾಡಿ ಗಿರಣಿಯ ಬಾಗಿಲಿಗೆ ಅಂಟಿಸಿದರು. ದಿನಕ್ಕೆ ಎಂಟು ದೂರು, ಮನೆಗೊಂದರಂತೆ. ಒಬ್ಬರೇ ಎರಡು ಸಲ ದೂರಿದರೆ ಪಕ್ಕದವರಿಗೆ ಬೇಸರವಾಗುತ್ತಿತ್ತು. ಮೂವತ್ತನೇ ತಾರೀಕು ಮಧ್ಯಾಹ್ನ ಹೊಸ ಆದೇಶ ಬಂತು: ಸದರಿ ಹುದ್ದೆಯನ್ನು ಮುಂದುವರಿಸಲಾಗಿದೆ, ಕ್ವಾರ್ಟರ್ಸ್ ಯಥಾಪ್ರಕಾರ. ಪಾತ್ರೆಗಳು ಗೋಣಿಚೀಲದಿಂದ ಹೊರಬಂದವು.

ಮಿಂಚುವಿಗೆ ಮಾತ್ರ ತಡೆಯಲಾಗಲಿಲ್ಲ. "ಅಣ್ಣ, ನಾನು ಕೆಡಿಸಿ ರಿಪೇರಿ ಮಾಡ್ತೀನಿ. ನೀವು ಸರಿಯಿರೋದನ್ನೇ ರಿಪೇರಿ ಮಾಡ್ತಿದ್ದೀರಿ. ಇದು ನ್ಯಾಯನಾ?" ಎಂದು ಕೇಳಿದ. ಒರೆಸಪ್ಪ ಹೆಗಲ ಬಟ್ಟೆ ತೆಗೆದು ಸ್ವಿಚ್ಚಿನ ಹಿಡಿ ಒರೆಸತೊಡಗಿದರು.

ಎರಡು ತಿಂಗಳು ದಿನಕ್ಕೆ ಎಂಟು ಸಲ ಎಳೆದು ಎತ್ತಿದ ಮೇಲೆ, ಒಂದು ಮಧ್ಯಾಹ್ನ ಎರಡೂವರೆಗೆ, ಹಿಡಿಯನ್ನು ಮೇಲೆತ್ತುವಾಗ ಹದಿನಾಲ್ಕನೇ ನಂಬರಿನ ಒಳಗಿಂದ ಕೆಮ್ಮಿದಂಥ ಸದ್ದು ಬಂತು. ಸುಟ್ಟ ಎಣ್ಣೆಯ ವಾಸನೆ ಬೀದಿಗೆಲ್ಲ ಹರಡಿತು. ಒರೆಸಪ್ಪ ಏಣಿ ಹತ್ತಿ ನೋಡಿದರು. ಒಳಗಿನ ಸುರುಳಿ ಕರಟಿಹೋಗಿತ್ತು. ಅವರು ಇಳಿದುಬಂದು ಕಂಬಕ್ಕೆ ಒರಗಿ ಕೂತರು. ಇಸ್ತ್ರಿ ಅಕ್ಕ ಒಂದು ಲೋಟ ನೀರು ತಂದುಕೊಟ್ಟಳು.

ಹೊಸ ಸುರುಳಿ ಕೇಳಲು ಒರೆಸಪ್ಪ ಇಲಾಖೆಯ ಸ್ಟೋರಿಗೆ ಹೋದರು. "ದೂರಿನ ನಂಬರ್ ಇಲ್ಲದೆ ಒಂದು ಮೊಳೇನೂ ಕೊಡೋಕಾಗಲ್ಲ" ಎಂದರು ಸ್ಟೋರ್ ಕೀಪರ್. ಪರದೆಯಲ್ಲಿ ಹದಿನಾಲ್ಕು ಹಸಿರಾಗಿಯೇ ಇತ್ತು. ಕರೆಂಟ್ ಇದೆ ಎಂಬ ದೂರು ಬಂದಿತ್ತು, ಕರೆಂಟ್ ಇರಲಿಲ್ಲ, ದೂರು ಪರಿಹಾರವಾಗಿತ್ತು. ಮೂರನೇ ದಿನ ಸಾಹೇಬರ ಬಳಿ ಹೋದರು.

"ನಾನೇ ಕರೆಸಬೇಕು ಅಂತಿದ್ದೆ ಕಣ್ರೀ" ಎಂದು ಸಾಹೇಬರು ಕುರ್ಚಿ ತೋರಿಸಿದರು. "ಬೇರೆಯವರದು ಹತ್ತು ನಿಮಿಷಕ್ಕೆ ಮತ್ತೆ ಕೆಂಪಾಗತ್ತೆ. ನಿಮ್ಮದು ಮೂರು ದಿನದಿಂದ ಪರಿಹಾರದಲ್ಲೇ ಇದೆ. ಹೇಗ್ರೀ ಸಾಧಿಸಿದ್ರಿ?"

"ಸುಟ್ಟುಹೋಗಿದೆ ಸರ್."

"ಹಾಗೇ ಕಾಪಾಡಿಕೊಂಡು ಹೋಗಿ."

ಕೊನೆಗೆ ಒರೆಸಪ್ಪ ಮನೆಗೆ ಬಂದು ತಾವೇ ದೂರು ವಿಭಾಗಕ್ಕೆ ಫೋನ್ ಮಾಡಿದರು. ಫ್ಯಾನು ನಿಂತು ನಾಲ್ಕನೇ ದಿನ. ಹೆಂಡತಿ ಪಕ್ಕದಲ್ಲಿ ಕೂತು, ಹುದ್ದೆ ಮುಂದುವರಿಸಿದ ಆದೇಶದ ಪ್ರತಿಯಿಂದ ಗಾಳಿ ಬೀಸಿಕೊಳ್ಳುತ್ತಿದ್ದರು.

"ಹದಿನಾಲ್ಕನೇ ನಂಬರ್. ಕರೆಂಟ್ ಇಲ್ಲಮ್ಮ."

"ಅಭಿನಂದನೆ ಸರ್. ನಿಮ್ಮ ಬೀದಿಯ ದೂರು ಆಗಲೇ ಪರಿಹಾರವಾಗಿದೆ."

"ಅದಲ್ಲಮ್ಮ, ನಮಗೆ ಕರೆಂಟ್ ಬೇಕು."

"ಕರೆಂಟ್ ಇಲ್ಲದಿರೋದೇ ಪರಿಹಾರ ಸರ್, ಪರಿಹಾರದ ಮೇಲೆ ದೂರು ತಗೊಳ್ಳೋಕಾಗಲ್ಲ. ಪರಿಹಾರ ತೃಪ್ತಿ ತಂದಿದ್ದರೆ ಒಂದು ಒತ್ತಿ. ಸಾಲದು ಅನ್ನಿಸಿದರೆ ಎರಡು ಒತ್ತಿ."

"ಎರಡು ಒತ್ತಿದ್ರೆ ಏನು ಮಾಡ್ತೀರಿ?"

"ಪಕ್ಕದ ಬೀದಿ ಕರೆಂಟೂ ತೆಗೀತೀವಿ."

ಒರೆಸಪ್ಪ ಪಕ್ಕದ ಬೀದಿಯನ್ನು ನೆನೆದು ಒಂದು ಒತ್ತಿದರು. ಈ ಔದಾರ್ಯಕ್ಕಾಗಿ ಪಕ್ಕದ ಬೀದಿಯವರು ಅವರಿಗೆ ಅಭಿನಂದನಾ ಪತ್ರ ಕೊಟ್ಟಿದ್ದಾರೆ. ಜೊತೆಗೆ, ತಮ್ಮ ಕರೆಂಟ್ ತೆಗೆಯುವ ಸರದಿ ಯಾವಾಗ ಬರುತ್ತದೆಂದು ತಿಳಿಸುವಂತೆ ಮಂಡಳಿಗೂ ಒಂದು ಅರ್ಜಿ ಸಲ್ಲಿಸಿದ್ದಾರೆ.