ಚಾಲಕರ ಎಡ ಅಂಗೈ ಕುರಿತು ಒಂದು ಸ್ಪಷ್ಟೀಕರಣ

ಬಿಸಿಲು ನಿವಾರಣಾ ನಿರ್ದೇಶನಾಲಯದ ಕಾರಿನ ಏಸಿ ಸಂಪೂರ್ಣ ಸುಸ್ಥಿತಿಯಲ್ಲಿದೆ. ಈ ಬಗ್ಗೆ ಹೊರಗೆ ಹಬ್ಬಿರುವ ಕುಚೋದ್ಯದ ಮಾತುಗಳಿಗೆ ಯಾವ ಆಧಾರವೂ ಇಲ್ಲ. ನಡೆದದ್ದನ್ನು ನಡೆದ ಹಾಗೆ ಇಲ್ಲಿ ಹೇಳಲಾಗಿದೆ.

ಜನ ಬಿಸಿಲಿನಲ್ಲಿ ಮನೆಯಿಂದ ಹೊರಗೆ ಬರಬಾರದೆಂದು ತಿಳಿಹೇಳುವುದು ಈ ಕಚೇರಿಯ ಕೆಲಸ. ಅದಕ್ಕಾಗಿ ನಿರ್ದೇಶಕರು ನಡುಮಧ್ಯಾಹ್ನ ಊರೂರಿಗೆ ಹೋಗಿ, ಜನರನ್ನು ಮೈದಾನಕ್ಕೆ ಕರೆಸಿ, ಭಾಷಣ ಮಾಡುತ್ತಾರೆ. ಭಾಷಣಕ್ಕೆ ತಂಪಾದ ತಲೆ ಬೇಕು, ಅಂಥ ತಲೆಗೆ ತಂಪಾದ ಕಾರು ಬೇಕು. ಆದ್ದರಿಂದ ಏಸಿ ಕೆಟ್ಟರೆ ಕಚೇರಿಯೇ ಕೆಟ್ಟ ಹಾಗೆ.

ಕೆಟ್ಟಿತು. ಪೂರ್ತಿ ಕೆಟ್ಟಿದ್ದರೆ ಗೋಳಿರಲಿಲ್ಲ. ಸ್ವಿಚ್ ಒತ್ತಿದರೆ ದೀಪ ಹತ್ತುತ್ತಿತ್ತು, ಗಾಳಿಯೂ ಬರುತ್ತಿತ್ತು, ಆದರೆ ಒಲೆಯ ಬಾಯಿಂದ ಬಂದ ಹಾಗೆ ಬರುತ್ತಿತ್ತು. ಆಗ ಚಾಲಕರು ಸ್ಟೀರಿಂಗಿನಿಂದ ಎಡಗೈ ತೆಗೆದು ಸ್ವಿಚ್ಚಿನ ಪಕ್ಕಕ್ಕೆ ಅಂಗೈ ಅಗಲಿಸಿ ಒಂದು ಬಿಡುತ್ತಿದ್ದರು. ಒಳಗೆಲ್ಲೋ ಟಕ್ ಎನ್ನುತ್ತಿತ್ತು, ತಂಪು ಶುರುವಾಗುತ್ತಿತ್ತು. ರಸ್ತೆಯಲ್ಲಿ ಇನ್ನೊಂದು ಹಳ್ಳ ಸಿಕ್ಕುವವರೆಗೆ ಚಿಂತೆಯಿಲ್ಲ.

ಹೀಗೇ ನಡೆದುಕೊಂಡು ಹೋಗುತ್ತಿತ್ತು. ಆದರೆ ಚಾಲಕರಿಗೆ ನಿವೃತ್ತಿ ಹತ್ತಿರ ಬಂದಿತ್ತು. ಮಗಳಿಗೆ ಹೆಣ್ಣು ಮಗು ಹುಟ್ಟಿ, ಹೆಂಡತಿ ಬಾಣಂತನಕ್ಕೆಂದು ಆಗಲೇ ಮಗಳ ಊರು ಸೇರಿದ್ದರು. ಮೊಮ್ಮಗಳನ್ನು ಇವರಿನ್ನೂ ಎತ್ತಿಕೊಂಡಿರಲಿಲ್ಲ. ಬಿಡುಗಡೆಯಾದ ಮರುದಿನವೇ ಬಸ್ಸು ಹತ್ತುವುದೆಂದು ನಿಶ್ಚಯಿಸಿದ್ದರು. ಹೋಗುವ ಮುಂಚೆ ಕಾರನ್ನು ದೋಷವಿಲ್ಲದೆ ಒಪ್ಪಿಸಬೇಕೆಂಬ ಪ್ರಾಮಾಣಿಕತೆಯಿಂದ, ಏಸಿ ಕೆಟ್ಟಿದೆ ಎಂದು ಮೇಲಿನವರಿಗೆ ತಿಳಿಸಿದರು. ಇಡೀ ಸೇವಾವಧಿಯಲ್ಲಿ ಅವರು ಮಾಡಿದ ತಪ್ಪು ಇದೊಂದೇ.

ಕೂಡಲೇ ದೋಷಪತ್ತೆ ಸಮಿತಿ ರಚನೆಯಾಯಿತು. ವಿದ್ಯುತ್ ಇಂಜಿನಿಯರು, ಲೆಕ್ಕಾಧಿಕಾರಿ, ಉಗ್ರಾಣಾಧಿಕಾರಿ ಮೂವರೂ ಕಿಟಕಿ ಏರಿಸಿಕೊಂಡು ಕಾರಿನಲ್ಲಿ ಕೂತರು. ಇಂಜಿನಿಯರು ಮೀಟರು ಹಿಡಿದು ಕ್ರಮವಾಗಿ ನೋಡುತ್ತ ಹೋದರು. ಫ್ಯೂಸ್ ಸರಿಯಿತ್ತು. ರಿಲೇ ಸರಿಯಿತ್ತು. ಸ್ವಿಚ್ಚಿನವರೆಗೆ ಕರೆಂಟು ಬರುತ್ತಿತ್ತು, ಅಲ್ಲಿಂದ ಮುಂದೆ ಹೋಗುತ್ತಿರಲಿಲ್ಲ. ಚಾಲಕರು ಒಂದು ಬಿಟ್ಟರು. ಮೀಟರಿನ ಮುಳ್ಳು ಎದ್ದು ನಿಂತಿತು.

ಸಮಿತಿ ಇದನ್ನು ವೈಜ್ಞಾನಿಕವಾಗಿ ಪರೀಕ್ಷಿಸಲು ತೀರ್ಮಾನಿಸಿತು. ಲೆಕ್ಕಾಧಿಕಾರಿ ಹೊಡೆದರೆ ವೈಪರ್ ಆಡಿತು. ಬಡ್ತಿ ತಪ್ಪಿದ ನೋವಿದ್ದ ಉಗ್ರಾಣಾಧಿಕಾರಿ ಅಗತ್ಯಕ್ಕಿಂತ ತುಸು ಜೋರಾಗಿಯೇ ಹೊಡೆದರು, ರೇಡಿಯೋ ವಾರ್ತೆ ಓದಿತು. ಕೊನೆಗೆ ಖುದ್ದು ನಿರ್ದೇಶಕರೇ ಬಂದು ಹೊಡೆದರು, ಕಾರು ಗೌರವದಿಂದ ಸುಮ್ಮನಿತ್ತು. ಮತ್ತೆ ಚಾಲಕರು ಹೊಡೆದರು. ಟಕ್.

ವರದಿ ಚಿಕ್ಕದಾಗಿತ್ತು. ಯಾವುದಿಲ್ಲದೆ ಯಂತ್ರ ನಡೆಯುವುದಿಲ್ಲವೋ ಅದು ಯಂತ್ರದ ಬಿಡಿಭಾಗ ಎಂದು ನಿಯಮವಿದೆ. ಆದ್ದರಿಂದ ಚಾಲಕರ ಎಡ ಅಂಗೈ ಏಸಿಯ ಬಿಡಿಭಾಗ. ಬಿಡಿಭಾಗ ಕೆಲಸ ಮಾಡುತ್ತಿದೆ, ಆದ್ದರಿಂದ ಏಸಿ ಕೆಟ್ಟಿಲ್ಲ.

ಪೆಟ್ರೋಲ್ ಇಲ್ಲದಿದ್ದರೂ ಏಸಿ ನಡೆಯುವುದಿಲ್ಲ, ಅದೂ ಬಿಡಿಭಾಗವೇ ಎಂದು ಚಾಲಕರು ಕೇಳಿದರು. ಪೆಟ್ರೋಲ್ ಉರಿದು ಮುಗಿಯುತ್ತದೆ, ನಿಮ್ಮ ಕೈ ಉರಿದು ಮುಗಿದಿದೆಯೇ ಎಂದು ಉಗ್ರಾಣಾಧಿಕಾರಿ ತಿರುಗಿ ಕೇಳಿದರು. ಚಾಲಕರು ಕೈ ನೋಡಿಕೊಂಡರು. ಮುಗಿದಿರಲಿಲ್ಲ.

ಅವರು ಇಂಜಿನಿಯರನ್ನು ಕ್ಯಾಂಟೀನಿನಲ್ಲಿ ಹಿಡಿದರು.

“ನಿಜವಾಗಿ ಏನಾಗಿದೆ ಸರ್ ಅದಕ್ಕೆ?”

“ಸ್ವಿಚ್ಚಿನ ಹಿಂದೆ ವೈರ್ ಸಡಿಲ ಆಗಿದೆ ಕಣ್ರೀ. ಒಂದು ಸ್ಕ್ರೂ ಬಿಗಿ ಮಾಡಿದ್ರೆ ಆಯ್ತು.”

“ಹಾಗಾದ್ರೆ ಬಿಗಿ ಮಾಡಿಬಿಡಿ ಸರ್.”

“ಕೆಲಸ ಮಾಡ್ತಿರೋ ಯಂತ್ರ ಬಿಚ್ಚೋ ಹಾಗಿಲ್ಲ. ಮೊದಲು ಕೆಡಲಿ.”

“ನಾನು ಹೊಡೆಯೋದು ಬಿಟ್ಟರೆ ಕೆಡತ್ತಲ್ಲ ಸರ್?”

“ಬಿಡಿಭಾಗ ಬೇಕಂತ ಕೆಲಸ ನಿಲ್ಲಿಸಿದ್ರೆ ಅದು ಯಂತ್ರಕ್ಕೆ ಮಾಡಿದ ದ್ರೋಹ. ಜೈಲಿಗೆ ಹಾಕ್ತಾರೆ. ಒಂದು ವಡೆ ತಗೊಳ್ಳಿ.”

ಆ ಸ್ಕ್ರೂವನ್ನು ಯಾರಾದರೂ ಕದ್ದು ಬಿಗಿ ಮಾಡಿಯಾರೆಂದು ಅಂದೇ ಡ್ಯಾಶ್‌ಬೋರ್ಡಿಗೆ ಅರಗಿನ ಮೊಹರು ಬಿತ್ತು. ಕುರ್ಚಿ ಮೇಜುಗಳಿಗೆ ನಂಬರು ಬರೆಯುವ ಪೇಂಟರ್ ಬಂದು ಚಾಲಕರ ಅಂಗೈ ಹಿಂಬದಿಗೆ ಬಿಳಿ ಬಣ್ಣದಲ್ಲಿ ನಂಬರು ಬರೆದ. ಅಲ್ಲಾಡಬೇಡಿ, ಕುರ್ಚಿಗಳು ಇಷ್ಟು ಅಲ್ಲಾಡುವುದಿಲ್ಲ ಎಂದು ಗದರಿದ. ಸೂಚನಾ ಫಲಕಕ್ಕೆ ಪ್ರಕಟಣೆಯೂ ಏರಿತು:

“ಸದರಿ ಅಂಗೈಯನ್ನು ತಲೆ ಕೆರೆದುಕೊಳ್ಳುವುದು, ಸೊಳ್ಳೆ ಹೊಡೆಯುವುದು ಮುಂತಾದ ಖಾಸಗಿ ಉದ್ದೇಶಗಳಿಗೆ ಬಳಸತಕ್ಕದ್ದಲ್ಲ. ಚಪ್ಪಾಳೆಗೆ ಬಳಸಬಹುದು, ನಿರ್ದೇಶಕರ ಭಾಷಣಕ್ಕೆ ಮಾತ್ರ.”

ನಿವೃತ್ತಿಯ ದಿನ ಚಾಲಕರು ಬೀಳ್ಕೊಡುಗೆಗೆ ನಿಂತರು. ನಿರ್ದೇಶಕರು ಮೃದು ಮನಸ್ಸಿನವರು. ನಿವೃತ್ತಿ ನಿಮ್ಮ ಹಕ್ಕು, ತಡೆಯಲು ನಾನು ಯಾರು ಎಂದರು. ಕೈ ಮಾತ್ರ ಬಿಟ್ಟು ಹೋಗಿ ಎಂದರು.

“ಅದು ಹೇಗೆ ಸರ್ ಬಿಟ್ಟು ಹೋಗೋದು?”

“ಅದು ನಿಮ್ಮ ಕಡೆಯ ತೊಂದರೆ. ಕಚೇರಿ ಕಡೆಯಿಂದ ಯಾವ ಅಡ್ಡಿಯೂ ಇಲ್ಲ.”

ಹಾಗಾಗಿ ಅವರು ನಿವೃತ್ತರಾದರು, ಕೈ ಸೇವೆಯಲ್ಲಿ ಮುಂದುವರಿಯಿತು. ಹೊಸ ಚಾಲಕ ಬಂದ. ಹಳಬರು ಪಕ್ಕದ ಸೀಟಿನಲ್ಲಿ ಕೂರತೊಡಗಿದರು. ಅಲ್ಲಿಂದ ಹೊಡೆಯಲು ಬಲಗೈ ಹತ್ತಿರವಾದರೂ ಅದು ನಿವೃತ್ತವಾಗಿದ್ದರಿಂದ, ಮೈ ತಿರುಚಿ ಎಡಗೈಯಲ್ಲೇ ಹೊಡೆಯಬೇಕಿತ್ತು. ಫೋನಿನಲ್ಲಿ ಹೆಂಡತಿ ಮೊದಲು ನಂಬಲಿಲ್ಲ. “ಇಷ್ಟು ವರ್ಷದಲ್ಲಿ ಆ ಕೈ ಮನೇಲಿ ಒಂದು ಲೋಟ ಎತ್ತಿಟ್ಟಿದ್ದು ನಾನು ಕಾಣೆ. ಅದಕ್ಕೆ ಇಷ್ಟೊಂದು ಬೇಡಿಕೆನಾ?” ಎಂದರು. ಆಮೇಲೆ, ನೀವು ಬರದಿದ್ದರೆ ನಾವೇ ಬರುತ್ತೇವೆ ಎಂದು ಮಗಳನ್ನೂ ಮಗುವನ್ನೂ ಕರೆದುಕೊಂಡು ಹೊರಟೇಬಿಟ್ಟರು.

ಕಚೇರಿಯ ಅಂಗಳದಲ್ಲಿ ಬಿಸಿಲು ಸುಡುತ್ತಿತ್ತು. ಮಗು ಅತ್ತಿತು. ಮಗಳು ಅದನ್ನು ಎತ್ತಿಕೊಂಡು, ನಿರ್ದೇಶಕರಿಗಾಗಿ ಸ್ಟಾರ್ಟ್ ಮಾಡಿಟ್ಟಿದ್ದ ಕಾರಿನ ಮುಂದಿನ ಸೀಟಿನಲ್ಲಿ ಕೂತಳು. ತಾತ ಕೈ ಚಾಚುವಷ್ಟರಲ್ಲಿ, ಅಳುವಿನ ರಭಸದಲ್ಲಿ ಮಗುವಿನ ಪುಟ್ಟ ಎಡಗೈ ಡ್ಯಾಶ್‌ಬೋರ್ಡಿಗೆ ಬಡಿಯಿತು. ಟಕ್. ಕಾರು ತಂಪಾಯಿತು, ಮಗು ಸುಮ್ಮನಾಯಿತು.

ಕಿಟಕಿಯಲ್ಲಿ ನೋಡುತ್ತಿದ್ದ ಉಗ್ರಾಣಾಧಿಕಾರಿ ಇಳಿದು ಬಂದರು. ಸಮಿತಿ ನಿಂತಲ್ಲೇ ಸಭೆ ಸೇರಿತು. ಹೊಸ ಬಿಡಿಭಾಗ ಇನ್ನೂ ಬಹುಕಾಲ ಬಾಳಿಕೆ ಬರುವಂಥದ್ದು ಎಂಬುದರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಹಳೆಯದನ್ನು ಸೇವೆಯಿಂದ ಬಿಡುಗಡೆ ಮಾಡಲಾಯಿತು.

ಮಗಳು ಕೇಳಿದ್ದು ಒಂದೇ, ಕೆಲಸ ಕಾಯಂ ತಾನೇ ಎಂದು. ಕಾಯಂ ಎಂದು ನಿರ್ದೇಶಕರು ಭರವಸೆ ಕೊಟ್ಟರು. ಹಲ್ಲು ಬರುವ ಮೊದಲೇ ಸರ್ಕಾರಿ ಕೆಲಸ ಬಂತೆಂದು ಹೆಂಡತಿಗೆ ಕಣ್ಣು ತುಂಬಿ ಬಂತು. ಹೆಣ್ಣು ಹುಟ್ಟಿತೆಂದು ಮುಖ ಸಿಂಡರಿಸಿದ್ದ ಬೀಗರು ಫೋನ್ ಮಾಡಿ, ಎಡಗೈಯ ಲಕ್ಷಣ ತಮ್ಮ ವಂಶದ್ದು ಎಂದು ನೆನಪಿಸಿದರು.

ಎರಡೂ ಕೈ ಸ್ವಂತವಾದ ತಾತ ಮೊಮ್ಮಗಳನ್ನು ಎತ್ತಿಕೊಳ್ಳಲು ಬಾಗಿದರು. ಹೊಸ ಚಾಲಕ ವಿನಯದಿಂದ ಅಡ್ಡ ಬಂದ. ನಿವೃತ್ತರು ಖಾಸಗಿ ವ್ಯಕ್ತಿಗಳು, ಖಾಸಗಿಯವರು ಕಚೇರಿಯ ಬಿಡಿಭಾಗ ಮುಟ್ಟುವ ಹಾಗಿಲ್ಲ, ಪಾಸು ಮಾಡಿಸಿಕೊಂಡು ಹೊರಗಿನಿಂದ ನೋಡಬಹುದು ಎಂದ.

ತಾತ ಈಗ ದಿನಾ ಪಾಸು ಮಾಡಿಸಿಕೊಂಡು ಬರುತ್ತಾರೆ. ಕಿಟಕಿಯ ಗಾಜಿಗೆ ಮುಖವೊತ್ತಿ ಬಿಸಿಲಿನಲ್ಲಿ ನಿಲ್ಲುತ್ತಾರೆ. ಬೇಸರವಿಲ್ಲವೇ ಎಂದು ಈ ಬರಹಗಾರ ಕೇಳಿದಾಗ ಅವರು ಬೆವರು ಒರೆಸಿಕೊಂಡು ಹೇಳಿದರು:

“ಮಗು ತಂಪಾಗಿ ಮಲಗಿದೆಯಲ್ಲ. ಇನ್ನೇನು ಬೇಕು?”